ಸ್ವರ ಹುಟ್ಟಿದ ಮೇಲೆ ಬೆರಳಿಗೇನು ಕೆಲಸ?

(ಉತ್ತರ ಬೆಂಗಳೂರಿನ ಹವ್ಯಾಸಿ ಸಂಗೀತಗಾರರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆಗೋ ದೇವನಹಳ್ಳಿಯ ಕಡೆಗೋ ಹೋದರೆ ಪೌರಾಣಿಕ ನಾಟಕದ ಹುಚ್ಚು ಇನ್ನೂ ಬಿಡದ ಊರುಗಳು ಸಿಗುತ್ತವೆ. ಅಲ್ಲಿ ‘ಕುರುಕ್ಷೇತ್ರ’ ಆಡುವವರು ರೈತರು, ಕಾರ್ಖಾನೆ ನೌಕರರು, ಅಂಗಡಿ ಇಟ್ಟವರು. ತಿಂಗಳುಗಟ್ಟಲೆ ಅವರಿಗೆ ಮಟ್ಟುಗಳನ್ನು ಕಲಿಸಿ, ಆಟದ ರಾತ್ರಿ ರಂಗದ ಪಕ್ಕದಲ್ಲಿ ಕುಳಿತು ಇಡೀ ನಾಟಕವನ್ನು ದಡ ಮುಟ್ಟಿಸುವವರು ಹಾರ್ಮೋನಿಯಂ ಮೇಷ್ಟ್ರು. ಪಾತ್ರಧಾರಿ ಪದ್ಯ ಮರೆತರೆ ಇನ್ನೊಂದು ಸುತ್ತು ನುಡಿಸಿ ಕಾಯುವವರು ಅವರೇ. ಭೀಮನ ಪ್ರವೇಶಕ್ಕೆ ಬಿರುಸು ತುಂಬುವವರೂ ಅವರೇ. ಈ ಕೆಲಸಕ್ಕೆ ನಾಟಕದ ಕಂಪನಿಗಳು ಒಪ್ಪಿಕೊಂಡ ವಾದ್ಯ ‘ಲೆಗ್ ಹಾರ್ಮೋನಿಯಂ’. ಕಾಲಿನಿಂದ ತಿದಿ ಒತ್ತಿದರೆ ಎರಡು ಕೈಗಳೂ ಮನೆಗಳ ಮೇಲೆ ಆಡಬಹುದು, ಕಣ್ಣು ರಂಗದ ಮೇಲಿರಬಹುದು.

ಇಂದು ಆ ಸ್ಥಾನದಲ್ಲಿ ಅನೇಕ ಕಡೆ ಲ್ಯಾಪ್‌ಟಾಪ್ ಕಂಪ್ಯೂಟರ್ ಬಂದು ಕುಳಿತಿದೆ. ಆರ್.ಟಿ. ನಗರದ ಒಂದು ಕೋಣೆಯಲ್ಲಿ ಹಾಡು ಕಟ್ಟುವ ಹುಡುಗಿಗೂ, ಗಣೇಶೋತ್ಸವದಲ್ಲಿ ರಸಮಂಜರಿ ನಡೆಸುವ ತಂಡಕ್ಕೂ ಅದು ವಾದ್ಯವೂ ಹೌದು, ಸ್ಟುಡಿಯೊವೂ ಹೌದು. ಆದರೆ ಕಂಪ್ಯೂಟರಿಗೆ ಇರುವುದು ಟೈಪು ಮಾಡುವ ಕೀಲಿಗಳು ಮತ್ತು ಒಂದು ಮೌಸ್. ಅದರೊಡನೆ ಕೈ ಮಾತನಾಡಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ‘ಕಂಟ್ರೋಲರ್’. ಅದು ಯಾವುದಿರಬೇಕು, ಅದನ್ನು ಆಯುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳಬೇಕು. ಕಂಟ್ರೋಲರ್ ತನ್ನಷ್ಟಕ್ಕೆ ತಾನು ಸದ್ದು ಮಾಡುವ ವಸ್ತುವಲ್ಲ. ಯಾವ ಮನೆಯನ್ನು ಒತ್ತಲಾಯಿತು, ಎಷ್ಟು ಜೋರಾಗಿ, ಯಾವಾಗ ಬಿಡಲಾಯಿತು ಎಂಬ ಸುದ್ದಿಯನ್ನಷ್ಟೇ ಅದು ಕಂಪ್ಯೂಟರಿಗೆ ತಲುಪಿಸುತ್ತದೆ. ಆ ಸುದ್ದಿಯನ್ನು ಪಿಯಾನೊ ಮಾಡುವುದೋ ಕೊಳಲು ಮಾಡುವುದೋ ಒಳಗಿರುವ ತಂತ್ರಾಂಶದ ಕೆಲಸ. ಆದ್ದರಿಂದ ಹೆಚ್ಚು ಬೆಲೆಯ ಕಂಟ್ರೋಲರ್‌ನಿಂದ ಹೆಚ್ಚು ಇಂಪಾದ ನಾದ ಬರುತ್ತದೆ ಎಂದು ನಂಬುವುದು ಸರಿಯಲ್ಲ. ಬೆಲೆ ಕೊಡುವುದು ನಾದಕ್ಕಲ್ಲ, ಕೈಯ ಸ್ವಾತಂತ್ರ್ಯಕ್ಕೆ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಎಷ್ಟು ಕೀಲಿ?’ ಎಂಬುದು. 25, 49, 61 ಎಂದು ಉತ್ತರ ಬರುತ್ತದೆ. ಆ ಬಳಿಕ ತಟ್ಟುವ ಪ್ಯಾಡುಗಳೆಷ್ಟು, ತಿರುಗಿಸುವ ಗುಂಡಿಗಳೆಷ್ಟು ಎಂಬ ಲೆಕ್ಕ. ಕರ್ನಾಟಕದಲ್ಲಿ ಸಂಗೀತ ಮಾಡುವವರು ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಸ್ವರ ಹುಟ್ಟಿದ ಮೇಲೂ ಅದರ ಮೇಲೆ ಬೆರಳಿಗೆ ಅಧಿಕಾರವಿದೆಯೇ?

ಈ ಪ್ರಶ್ನೆ ಹೊಸದಲ್ಲ. ಪರದೇಶದಿಂದ ಬಂದ ಎರಡು ವಾದ್ಯಗಳ ಕಥೆಯಲ್ಲಿ ಅದು ಅಡಗಿದೆ. ಪಿಟೀಲು ಬಂದಾಗ ನಮ್ಮವರು ಅದನ್ನು ಹಿಡಿಯುವ ರೀತಿಯನ್ನೇ ಬದಲಿಸಿದರು. ನಿಂತು ನುಡಿಸುವ ವಾದ್ಯವನ್ನು ನೆಲದ ಮೇಲೆ ಕುಳಿತು, ತುದಿಯನ್ನು ಪಾದಕ್ಕೆ ಆನಿಸಿ ನುಡಿಸಿದರು. ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿಕೊಂಡರು. ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ, ದೊಡ್ಡ ಸಭೆಯ ಕೊನೆಯ ಸಾಲಿಗೂ ಕೇಳುವಂತೆ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ಅವರ ಹೆಸರಿನಲ್ಲಿ 1980ರಲ್ಲಿ ಪ್ರಾರಂಭವಾದ, ಪಿಟೀಲಿನ ಆಕಾರದ ಸ್ಮಾರಕ ಭವನ ಮಲ್ಲೇಶ್ವರದ ಅಂಚಿನಲ್ಲೇ ಇದೆ. ಪಿಟೀಲು ಇಷ್ಟು ಸಲೀಸಾಗಿ ನಮ್ಮದಾದದ್ದಕ್ಕೆ ಕಾರಣ ಸರಳ. ಅದರ ಮೇಲೆ ಬೆರಳು ಜಾರುತ್ತದೆ. ಗಮಕಕ್ಕೆ ಬೇಕಾದದ್ದು ಅದೇ.

ಹಾರ್ಮೋನಿಯಂನ ಪಾಡು ಬೇರೆಯಾಯಿತು. ಅದರ ಹನ್ನೆರಡು ಮನೆಗಳು ಅಚಲ. ಒತ್ತಿದ ಮೇಲೆ ಸ್ವರ ಅಲ್ಲೇ ನಿಲ್ಲುತ್ತದೆ; ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯಿಲ್ಲ. ಈ ಆಕ್ಷೇಪವನ್ನು ಮುಂದಿಟ್ಟು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ತನ್ನ ಪ್ರಸಾರದಿಂದ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ಕಾಲದ ಪ್ರಸಾರ ಮುಖ್ಯಸ್ಥ ಲಯನೆಲ್ ಫೀಲ್ಡನ್ ಅವರ ಹುದ್ದೆಯ ಹೆಸರೂ ‘ಕಂಟ್ರೋಲರ್’ ಎಂದೇ ಇದ್ದುದು ಒಂದು ತಮಾಷೆ. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಆ ಮೂರು ದಶಕಗಳಲ್ಲಿ ವಾದ್ಯವೇನೂ ಸಾಯಲಿಲ್ಲ. ನಾಟಕದ ಮೇಷ್ಟರು ಅದನ್ನು ಬಿಡಲಿಲ್ಲ, ಭಜನೆಯ ಮಂದಿ ಬಿಡಲಿಲ್ಲ, ಹಿಂದೂಸ್ತಾನಿ ಗಾಯಕರೂ ಬಿಡಲಿಲ್ಲ. ಧಾರವಾಡದ ವಸಂತ ಕನಕಾಪುರ ಅವರಂಥ ವಾದಕರು ಹಿರಿಯ ಗಾಯಕರ ನೆರಳಿನಂತೆ ಸಾಗಿ, ಆ ಹನ್ನೆರಡು ಮನೆಗಳಿಂದಲೇ ಎಷ್ಟನ್ನು ಹೊರಡಿಸಬಹುದೆಂದು ತೋರಿಸಿಕೊಟ್ಟರು.

ಈ ಕಥೆಯಿಂದ ಎರಡು ಮಾತು ಹೊರಡುತ್ತವೆ. ಅಚಲ ಸ್ವರದ ವಾದ್ಯಕ್ಕೆ ಒಂದು ಮಿತಿಯಿದೆ ಎಂಬುದು ನಿಜ. ಮಿತಿಯಿದೆ ಎಂದು ವಾದ್ಯವನ್ನೇ ದೂರವಿಡುವುದು ಪರಿಹಾರವಲ್ಲ ಎಂಬುದೂ ಅಷ್ಟೇ ನಿಜ. ಮಿತಿ ಎಲ್ಲಿದೆ ಎಂದು ತಿಳಿದು ಕೊಳ್ಳುವುದೇ ಜಾಣತನ.

ಈಗ ಕಂಟ್ರೋಲರ್‌ಗಳ ಭಾಷೆಗೆ ಬರೋಣ. 1983ರಲ್ಲಿ ಅಮೆರಿಕದ ಒಂದು ವಾದ್ಯ ಮೇಳದಲ್ಲಿ ಎರಡು ಬೇರೆ ಕಂಪನಿಗಳ ಸಿಂಥಸೈಸರ್‌ಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದರ ಮೇಲೆ ನುಡಿಸಿದ್ದನ್ನು ಇನ್ನೊಂದರಲ್ಲಿ ಕೇಳಿಸಲಾಯಿತು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುಟಾರೊ ಕಕೆಹಾಶಿ ಈ ಒಡಂಬಡಿಕೆಯ ಹಿಂದಿದ್ದ ಪ್ರಮುಖರು. ಅದರ ಹೆಸರು ‘ಮಿಡಿ’. ಆಂಗ್ಲ ಪದಗಳ ಮೊದಲಕ್ಷರಗಳಿಂದ ಆದ ಈ ಹೆಸರು ಕನ್ನಡಿಗರ ಕಿವಿಗೆ ತಂತಿ ಮಿಡಿಯುವ ಮಾತಾಗಿ ಕೇಳಿಸುವುದು ಬರಿಯ ಆಕಸ್ಮಿಕ. ಆದರೆ ಅರ್ಥಪೂರ್ಣ ಆಕಸ್ಮಿಕ. ಮಿಡಿದ ಕ್ಷಣವನ್ನು ಈ ಭಾಷೆ ಚೆನ್ನಾಗಿ ಬಲ್ಲದು. ಎಷ್ಟು ಬಲವಾಗಿ ಮಿಡಿದರು ಎಂಬುದನ್ನು 127ರವರೆಗಿನ ಅಂಕೆಗಳಲ್ಲಿ ಹೇಳುತ್ತದೆ. ಮಿಡಿದ ಮೇಲೆ ಏನಾಯಿತು ಎಂಬುದನ್ನು ಹೇಳಲು ಮಾತ್ರ ಅದಕ್ಕೆ ಸಾಧನಗಳು ಕಡಿಮೆ. ಪಿಯಾನೊ ನುಡಿಸುವವರ ಕೈಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಭಾಷೆಯಾದ್ದರಿಂದ ಇದು ಸಹಜ.

ವೀಣೆಯನ್ನು ನೋಡಿ. ಬಲಗೈ ಮೀಟುತ್ತದೆ, ಎಡಗೈ ತಂತಿಯನ್ನು ಎಳೆದು ಸ್ವರವನ್ನು ರಾಗವಾಗಿಸುತ್ತದೆ. ವೀಣೆಗೂ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳಿವೆ, ಅವೂ ಅಚಲವೇ. ಆದರೆ ತಂತಿ ಅಚಲವಲ್ಲ. ಕಂಟ್ರೋಲರ್‌ನಲ್ಲಿ ಈ ಎಡಗೈಯ ಕೆಲಸಕ್ಕೆ ಇರುವುದು ಕೀಲಿಗಳ ಎಡಬದಿಯ ಒಂದು ಸಣ್ಣ ಚಕ್ರ. ಅದನ್ನು ‘ಪಿಚ್ ಬೆಂಡ್’ ಚಕ್ರ ಎನ್ನುತ್ತಾರೆ. ಬಲಗೈ ಕೀಲಿ ಒತ್ತುವಾಗ ಎಡಗೈ ಚಕ್ರವನ್ನು ಮುಂದಕ್ಕೋ ಹಿಂದಕ್ಕೋ ಸರಿಸಿದರೆ ಸ್ವರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಕೈಗಳ ಈ ಕೆಲಸ ಹಂಚಿಕೆ ವೀಣೆಯದೇ. ವೀಣೆ ಕಲಿತವರಿಗೆ ಪಿಯಾನೊ ಬಾರದೆಂಬ ಅಳುಕು ಬೇಕಾಗಿಲ್ಲ. ಅವರ ಎಡಗೈಗೆ ಗೊತ್ತಿರುವುದು ಪಿಯಾನೊ ವಾದಕನ ಎಡಗೈಗೆ ಗೊತ್ತಿರುವುದಿಲ್ಲ.

ಈ ಚಕ್ರ ಎಷ್ಟು ದೂರ ಜಾರಬೇಕೆಂಬುದನ್ನು ತಂತ್ರಾಂಶದಲ್ಲಿ ಗೊತ್ತುಮಾಡಬೇಕು. ಏನೂ ಬದಲಿಸದಿದ್ದರೆ ಬಹುತೇಕ ಕಡೆ ಅದು ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರೆಸ್ವರಗಳಷ್ಟಿರುತ್ತದೆ. ತೋಡಿ ರಾಗದ ಗಾಂಧಾರವನ್ನು ತೆಗೆದುಕೊಳ್ಳಿ. ಅದು ನಿಂತ ಸ್ವರವಲ್ಲ. ರಿಷಭ ಮತ್ತು ಮಧ್ಯಮಗಳ ನಡುವೆ ತೂಗುವ ಸ್ವರ. ಗಾಂಧಾರದಿಂದ ಎರಡು ಅರೆಸ್ವರ ಕೆಳಗೆ ತೋಡಿಯ ಶುದ್ಧ ರಿಷಭ, ಎರಡು ಅರೆಸ್ವರ ಮೇಲೆ ಶುದ್ಧ ಮಧ್ಯಮ. ಚಕ್ರದ ಮಾಮೂಲಿ ಹರವು ತೋಡಿಯ ಗಾಂಧಾರಕ್ಕೆ ಅಳೆದು ಕೊಟ್ಟಂತೆ ಸರಿಹೋಗುತ್ತದೆ. ಅದೇ ಷಡ್ಜದಿಂದ ಪಂಚಮಕ್ಕೆ ಒಂದೇ ಜಾರು ತೆಗೆಯಬೇಕೆಂದರೆ ಏಳು ಅರೆಸ್ವರ ಬೇಕು. ಹರವನ್ನು ಹನ್ನೆರಡಕ್ಕೆ ಏರಿಸಿಕೊಳ್ಳಬೇಕು. ಹಾಗೆ ಏರಿಸಿದಾಗ ಚಕ್ರದ ಸಣ್ಣ ಚಲನೆಗೂ ಸ್ವರ ಬಹಳ ಓಡುತ್ತದೆ. ಅಂಗೈಯಗಲದ ಪೆಟ್ಟಿಗೆಗಳ ಪುಟ್ಟ ಚಕ್ರಗಳಲ್ಲಿ ಇದು ಕಷ್ಟ. ಇನ್ನು ಕೆಲವಕ್ಕೆ ಚಕ್ರವೇ ಇರುವುದಿಲ್ಲ, ಎರಡು ಗುಂಡಿಗಳಿರುತ್ತವೆ. ಅಂಥದ್ದನ್ನು ಗಮಕ ಬೇಕಾದವರು ಕೊಳ್ಳಬಾರದು.

ಇನ್ನೊಂದು ತೊಡಕಿದೆ. ಮಾಮೂಲಿ ಮಿಡಿಯಲ್ಲಿ ಚಕ್ರ ತಿರುಗಿಸಿದರೆ ಆ ಚಾನೆಲ್‌ನಲ್ಲಿ ಕೇಳುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಜಾರುತ್ತವೆ. ರಾಗದ ಜೊತೆ ಶ್ರುತಿಯನ್ನೂ ಅದೇ ಚಾನೆಲ್‌ಗೆ ಹಾಕಿದವರ ತಂಬೂರಿಯೇ ತೂರಾಡತೊಡಗುತ್ತದೆ. ಮಿಡಿಯಲ್ಲಿ 16 ಚಾನೆಲ್‌ಗಳಿವೆ. ಶ್ರುತಿಗೆ ಒಂದನ್ನು ಪ್ರತ್ಯೇಕವಾಗಿ ಮೀಸಲಿಟ್ಟರೆ ಸಮಸ್ಯೆ ಮುಗಿಯಿತು. ಪ್ರತಿ ಬೆರಳಿಗೂ ಒಂದೊಂದು ಚಾನೆಲ್ ಕೊಟ್ಟು, ಪ್ರತಿ ಸ್ವರವನ್ನೂ ಬೇರೆ ಬೇರೆಯಾಗಿ ಜಾರಿಸುವ ‘ಎಂಪಿಇ’ ಎಂಬ ಕ್ರಮ 2018ರಲ್ಲಿ ಅಧಿಕೃತವಾಯಿತು. ಏಬಲ್ಟನ್ ಲೈವ್‌ನಂಥ ಜನಪ್ರಿಯ ತಂತ್ರಾಂಶ 2021ರ ತನ್ನ ಹನ್ನೊಂದನೆಯ ಆವೃತ್ತಿಯಲ್ಲಿ ಇದನ್ನು ಅಳವಡಿಸಿಕೊಂಡಿತು. ಮೆತ್ತನೆಯ ಹಲಗೆಯ ಮೇಲೆ ಬೆರಳು ಜಾರಿಸುವ ಸೀಬೋರ್ಡ್, ಸಣ್ಣ ಚೌಕಗಳ ಹಾಸಿನ ಲಿನ್‌ಸ್ಟ್ರುಮೆಂಟ್ ಮುಂತಾದವು ಈ ಜಾತಿಯವು. ಗಮಕದ ಸಂಗೀತಕ್ಕೆ ಇವು ಹೆಚ್ಚು ಹತ್ತಿರ, ಜೇಬಿಗೆ ಹೆಚ್ಚು ದೂರ. ಇವುಗಳ ಮೇಲೆ ಕೈ ಕೂರಲು ಹೊಸ ವಾದ್ಯ ಕಲಿತಷ್ಟೇ ಸಾಧನೆ ಬೇಕೆಂಬುದನ್ನೂ ಮರೆಯಬಾರದು.

ಇದೇ ಸಮಸ್ಯೆಗೆ ಬೆಂಗಳೂರು ತನ್ನದೇ ಉತ್ತರವನ್ನೂ ಹುಡುಕಿದೆ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ, ತಾಳಯಂತ್ರಗಳನ್ನು ಮನೆಮನೆಗೆ ತಲುಪಿಸಿತು. ಅದೇ ಸಂಸ್ಥೆಯ ‘ಸುನಾದವಿನೋದಿನಿ’ ಎಂಬ ಡಿಜಿಟಲ್ ವೀಣೆಯಲ್ಲಿ ನಾದ ಎಲೆಕ್ಟ್ರಾನಿಕ್, ಹಿಡಿತ ಮಾತ್ರ ವೀಣೆಯದು. ಯಂತ್ರದ ಅನುಕೂಲಕ್ಕೆ ಕೈಯನ್ನು ಬದಲಿಸದೆ, ಕೈಯ ಅಭ್ಯಾಸಕ್ಕೆ ಯಂತ್ರವನ್ನು ಬದಲಿಸಿದ ಪ್ರಯತ್ನ ಇದು. ಕಂಟ್ರೋಲರ್ ಆಯುವವರು ಇಟ್ಟುಕೊಳ್ಳಬೇಕಾದ ಅಳತೆಗೋಲೂ ಇದೇ.

ಇಷ್ಟು ರಾಗದ ಮಾತಾಯಿತು, ಇನ್ನು ಲಯ. ಇಲ್ಲಿ ಆರ್ಕೆಸ್ಟ್ರಾ ತಂಡಗಳ ಅನುಭವ ದೊಡ್ಡದು. 1985ರಲ್ಲಿ ರೋಲ್ಯಾಂಡ್ ಕಂಪನಿ ಎಂಟು ಪ್ಯಾಡುಗಳ ‘ಆಕ್ಟಾಪ್ಯಾಡ್’ ಅನ್ನು ಹೊರತಂದಿತು. ಅದರ ಮೊದಲ ಮಾದರಿಯೊಳಗೆ ಸದ್ದೇ ಇರಲಿಲ್ಲ. ಕೋಲಿನ ಪೆಟ್ಟನ್ನು ಮಿಡಿಯ ಮೂಲಕ ಬೇರೊಂದು ಯಂತ್ರಕ್ಕೆ ತಿಳಿಸುವುದಷ್ಟೇ ಅದರ ಕೆಲಸ. ಅಂದರೆ ಅದೂ ಇಂದಿನ ಅರ್ಥದ ಕಂಟ್ರೋಲರ್ ಆಗಿತ್ತು. ಮುಂದೆ ಸದ್ದು ಒಳಗೇ ಇರುವ ಮಾದರಿಗಳು ಬಂದವು. ಮದುವೆ, ಉತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ‘ರಿದಂ ಪ್ಯಾಡ್’ ನುಡಿಸುವ ಕಲಾವಿದ ತಬಲಾ, ಢೋಲಕ್, ಡ್ರಮ್ಸ್ ಎಲ್ಲವನ್ನೂ ಒಬ್ಬನೇ ನಿಭಾಯಿಸತೊಡಗಿದ.

ಆದರೆ ಪ್ಯಾಡಿಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ? ಮೇಖ್ರಿ ವೃತ್ತದ ಬಳಿ 1948ರಲ್ಲಿ ತಮ್ಮ ಹೆಸರಿನ ಸಂಶೋಧನ ಸಂಸ್ಥೆಯನ್ನು ಕಟ್ಟಿದ ಸರ್ ಸಿ.ವಿ. ರಾಮನ್ ಅವರು ಬೆಳಕಿನ ಸಂಶೋಧನೆಗೆ ಮೊದಲೇ ಮೃದಂಗದ ಬಗ್ಗೆ ತಲೆ ಕೆಡಿಸಿಕೊಂಡವರು. 1920ರಲ್ಲಿ ಒಮ್ಮೆ, ಬೆಂಗಳೂರಿಗೆ ಬಂದ ಬಳಿಕ 1934ರಲ್ಲಿ ಇನ್ನೊಮ್ಮೆ ಅವರು ಭಾರತೀಯ ಚರ್ಮವಾದ್ಯಗಳ ಮೇಲೆ ಬರೆದರು. ಸಾಮಾನ್ಯ ಚರ್ಮದ ಹೊದಿಕೆಯಿಂದ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ; ಮೃದಂಗದ ನಡುವಿನ ಕಪ್ಪು ಕರಣೆಯ ಭಾರ ಅವನ್ನು ಹೊಂದುವಂತೆ ಮಾಡುತ್ತದೆ. ಎಲ್ಲಿ ಮುಟ್ಟಿದರು, ಎಲ್ಲಿ ಹೊಡೆದರು ಎಂಬುದರ ಮೇಲೆ ನಾದ ಬದಲಾಗುತ್ತದೆ. ಮೃದಂಗದ ಸೊಲ್ಲುಗಳೆಲ್ಲ ಈ ಜಾಗದ ಭೇದದಿಂದಲೇ ಹುಟ್ಟುವಂಥವು. ಸಾಮಾನ್ಯ ಪ್ಯಾಡಿಗೆ ಪೆಟ್ಟಿನ ಬಲ ಗೊತ್ತು, ಜಾಗ ಗೊತ್ತಿಲ್ಲ. ಆದ್ದರಿಂದ ಒಂದೊಂದು ಸೊಲ್ಲಿಗೂ ಒಂದೊಂದು ಪ್ಯಾಡು ಬೇಕಾಗುತ್ತದೆ. ನಾಲ್ಕು ಸಾಲು, ನಾಲ್ಕು ಕಂಬದ 16 ಪ್ಯಾಡುಗಳು ಇದಕ್ಕೆ ಧಾರಾಳ ಸಾಕು.

ಕೆಲವು ಪ್ಯಾಡುಗಳಿಗೆ ಬಲವೂ ತಿಳಿಯುವುದಿಲ್ಲ. 2009ರಲ್ಲಿ ಬಂದ ಮೊದಲ ಲಾಂಚ್‌ಪ್ಯಾಡ್‌ನ 64 ಚೌಕಗಳು ಅಂಥವು. ಮೊದಲೇ ಸಿದ್ಧಪಡಿಸಿದ ತುಣುಕುಗಳನ್ನು ವೇದಿಕೆಯಲ್ಲಿ ಶುರು ಮಾಡಲು, ನಿಲ್ಲಿಸಲು ಅವು ಹೇಳಿ ಮಾಡಿಸಿದಂತಿದ್ದವು. ತನಿ ಆವರ್ತನ ನುಡಿಸಲು ಅಲ್ಲ. ಹಳೆಯ ಮಾಲು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳುವ ಮುನ್ನ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ತಟ್ಟಿ ನೋಡಿದರೆ ಈ ಮೋಸ ತಪ್ಪುತ್ತದೆ.

ತಾಳದ ಲೆಕ್ಕ ಇನ್ನೊಂದು. ಅನೇಕ ಯಂತ್ರಗಳು 16 ಹೆಜ್ಜೆಯ ಆವರ್ತವನ್ನು ಸಹಜವೆಂದು ಭಾವಿಸಿ ಕಟ್ಟಿದವು. ಎಂಟು ಅಕ್ಷರದ ಆದಿತಾಳ ಅದರಲ್ಲಿ ಹಾಯಾಗಿ ಕೂರುತ್ತದೆ. ಏಳರ ಮಿಶ್ರಛಾಪು ಕೂರಬೇಕಾದರೆ ಹದಿನಾಲ್ಕಕ್ಕೆ ನಿಲ್ಲಿಸಬೇಕು. ಐದರ ಖಂಡಛಾಪು ಹತ್ತಕ್ಕೆ. ಹೀಗೆ ಬೇಕಾದ ಕಡೆ ಆವರ್ತವನ್ನು ಮುಗಿಸುವ ಅವಕಾಶ ಯಂತ್ರದಲ್ಲಿದೆಯೇ ಎಂದು ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಆಗುವುದೇನು? ಹಾಡು ಕಟ್ಟುವವರು ತಮಗರಿವಿಲ್ಲದೆಯೇ ಎಲ್ಲವನ್ನೂ ನಾಲ್ಕು, ಎಂಟು, ಹದಿನಾರರಲ್ಲಿ ಯೋಚಿಸತೊಡಗುತ್ತಾರೆ. ಏಳನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಅದು ತಾನಾಗಿಯೇ ಮರೆತುಹೋಗುತ್ತದೆ.

ವೇದಿಕೆಯ ಮೇಲೆ ಬಳಸುವವರಿಗೆ ಮೂರು ಎಚ್ಚರಿಕೆಗಳು. ಮೊದಲನೆಯದು ತಡ. ಕೀಲಿ ಒತ್ತಿದ ಕ್ಷಣಕ್ಕೂ ಸದ್ದು ಕೇಳುವ ಕ್ಷಣಕ್ಕೂ ನಡುವೆ ಕಂಪ್ಯೂಟರ್ ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಅದು ಹತ್ತು ಮಿಲಿಸೆಕೆಂಡಿನಷ್ಟಿದ್ದರೆ, ಶಬ್ದ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ಸಾಗುವಷ್ಟು ಹೊತ್ತು. ಮೃದಂಗದವರು ವೇದಿಕೆಯ ಇನ್ನೊಂದು ತುದಿಯಲ್ಲಿ ಕುಳಿತಂತೆ, ಹೊಂದಿಕೊಳ್ಳಬಹುದು. ಅದಕ್ಕಿಂತ ಬಹಳ ಹೆಚ್ಚಾದರೆ ಲಯ ಜಾರುತ್ತದೆ. ಈ ತಡಕ್ಕೆ ಹೆಚ್ಚಾಗಿ ಕಾರಣ ಕಂಟ್ರೋಲರ್ ಅಲ್ಲ, ಕಂಪ್ಯೂಟರಿನ ಧ್ವನಿ ವ್ಯವಸ್ಥೆ. ಹೊಸ ಪೆಟ್ಟಿಗೆಗೆ ಹಣ ಹಾಕುವ ಮುನ್ನ ಅದನ್ನು ಸರಿಪಡಿಸಿಕೊಳ್ಳುವುದು ಮೇಲು.

ಎರಡನೆಯದು ತಿರುಗುವ ಗುಂಡಿಗಳ ವಿಚಾರ. ಒಂದು ಹಾಡಿನಲ್ಲಿ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟು, ಮುಂದಿನ ಹಾಡಿಗೆ ಹೋದಾಗ ತಂತ್ರಾಂಶದ ಲೆಕ್ಕದಲ್ಲಿ ಅದು ಕಾಲುಭಾಗದಲ್ಲಿರಬಹುದು. ಮುಟ್ಟಿದ ಕೂಡಲೇ ಸದ್ದು ಎಗರುತ್ತದೆ. ಕೊನೆಯಿಲ್ಲದೆ ಸುತ್ತುವ ಗುಂಡಿಗಳಲ್ಲಿ ಈ ಬಾಧೆಯಿಲ್ಲ. ಮೂರನೆಯದು ಗಟ್ಟಿತನ. ಟೆಂಪೊದಲ್ಲಿ ಸಾಗಿಸುವ, ಧೂಳಿನಲ್ಲಿ ನುಡಿಸುವ, ನಡುವೆ ಕರೆಂಟು ಹೋಗುವ ಕಾರ್ಯಕ್ರಮಗಳಿಗೆ ಹತ್ತಾರು ಸೌಲಭ್ಯಗಳಿಗಿಂತ ಗಟ್ಟಿಯಾದ ಕೀಲಿ, ಸಡಿಲವಾಗದ ಯುಎಸ್‌ಬಿ ಕಿಂಡಿ ಮುಖ್ಯ. ಲೆಗ್ ಹಾರ್ಮೋನಿಯಂ ಕಲಿಸಿದ ಪಾಠವೂ ಇಲ್ಲಿ ನೆನಪಿರಲಿ: ಕತ್ತಲಲ್ಲಿ ಕಣ್ಣು ಹಾಯಿಸದೆ ಕೈಗೆ ಸಿಗಬೇಕು.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ಹಾಡುಗಾರಿಕೆ, ವೀಣೆ ಅಥವಾ ಪಿಟೀಲು ಕಲಿತು ಕಂಪ್ಯೂಟರಿನಲ್ಲಿ ರಾಗ ನುಡಿಸಬಯಸುವವರಿಗೆ 25 ಕೀಲಿಯಾದರೂ ಸಾಕು. ಆದರೆ ದೊಡ್ಡದಾದ ಪಿಚ್ ಬೆಂಡ್ ಚಕ್ರ ಅಥವಾ ಬೆರಳು ಜಾರಿಸುವ ಪಟ್ಟಿ ಇರಲೇಬೇಕು. ಅಂಗಡಿಯಲ್ಲೇ ತೋಡಿಯ ಗಾಂಧಾರವನ್ನು ತೂಗಿಸಿ ನೋಡಬೇಕು. ಲಯದವರಿಗೆ ಬಲ ತಿಳಿಯುವ 16 ಪ್ಯಾಡು. ಸಿನಿಮಾ ಹಾಡುಗಳ ಸ್ವರಮೇಳ ಕಟ್ಟುವವರಿಗೆ ಎರಡು ಕೈಯೂ ಆಡುವಷ್ಟು, ಅಂದರೆ 49 ಅಥವಾ 61 ಕೀಲಿ. ಸಿದ್ಧ ತುಣುಕುಗಳನ್ನು ಜೋಡಿಸಿ ವೇದಿಕೆಯಲ್ಲಿ ನಡೆಸುವವರಿಗೆ ಚೌಕಗಳ ಹಾಸು. ಎಲ್ಲವೂ ಇರುವ ಒಂದೇ ಪೆಟ್ಟಿಗೆ ಬೇಕೆಂಬ ಆಸೆ ಸಹಜ. ಆದರೆ ಅಂಥದರಲ್ಲಿ ಎಲ್ಲವೂ ಅರೆಬರೆ ಇರುವುದುಂಟು.

ಆಯ್ಕೆ ಹಣದ ಪ್ರಶ್ನೆ ಮಾತ್ರವಲ್ಲ. ತೋಡಿಯ ಗಾಂಧಾರ ನೇರವಾಗಿ ನಿಂತುಬಿಟ್ಟ ಹಾಡನ್ನು ಹತ್ತು ವರ್ಷ ಕೇಳಿದ ಕಿವಿಗೆ ಅದೇ ತೋಡಿ ಎನಿಸುತ್ತದೆ. 1940ರ ವಿವಾದದ ಹಿಂದಿದ್ದ ಆತಂಕ ಇದೇ. ಅದಕ್ಕೆ ಕಂಡುಕೊಂಡ ನಿಷೇಧದ ಮದ್ದು ತಪ್ಪಾಗಿತ್ತು, ಆತಂಕ ತಪ್ಪಾಗಿರಲಿಲ್ಲ. ಈಗ ನಿಷೇಧಿಸುವವರು ಯಾರೂ ಇಲ್ಲ. ಕಾರ್ಖಾನೆಯಲ್ಲಿ ಯಾರೋ ಗೊತ್ತುಮಾಡಿಟ್ಟ ಹರವನ್ನು, ಹದಿನಾರರ ಲೆಕ್ಕವನ್ನು ಹಾಗೇ ಒಪ್ಪಿಕೊಳ್ಳುವುದೋ ಬದಲಿಸಿಕೊಳ್ಳುವುದೋ ಎಂಬ ತೀರ್ಮಾನ ಯಲಹಂಕದ, ಯಶವಂತಪುರದ ಮನೆಗಳಲ್ಲಿ ಪೆಟ್ಟಿಗೆಯ ಮುಂದೆ ಕುಳಿತವರ ಕೈಯಲ್ಲಿದೆ. ಪಿಟೀಲನ್ನು ಪಾದಕ್ಕೆ ಆನಿಸಿಕೊಂಡವರು ಯಾರ ಅಪ್ಪಣೆಗೂ ಕಾದಿರಲಿಲ್ಲ.